ಗೂಡಲೂರಿನ ಕೋಣೆಗೆ ಹೊಲಿದ ಪರದೆ

ಮೊನ್ನೆ ಮಸಿನಗುಡಿ ಕಡೆಯ ವಸತಿಗೃಹವೊಂದರಿಂದ ಪರದೆ ಹೊಲಿಯಲು ಬಟ್ಟೆ ಬಂತು. ಹೊರಗೆ ಮಳೆ. ಥಾನು ಬಿಚ್ಚಿ ಮೇಜಿನ ಮೇಲೆ ಹಾಸಿದೆ. ಹೊಸ ಬಟ್ಟೆಯ ಗಂಜಿ ವಾಸನೆಗೆ ಒದ್ದೆ ಗೋಡೆಯ ವಾಸನೆ ಸೇರಿ ಮೂಗಿಗೆ ಬಡಿಯಿತು, ಕೈ ನಿಂತುಹೋಯಿತು. ಬಣ್ಣ ನೋಡಿದರೆ ಬೂದಿ ಬೆರೆಸಿದ ನೀಲಿ. ಅಂಚಿಲ್ಲ, ಹೂವಿಲ್ಲ, ಗೆರೆಯಿಲ್ಲ. ಅಂಥ ಬಟ್ಟೆಯನ್ನು ಹಿಂದೆ ನಾನು ಒಂದೇ ಒಂದು ಸಲ ತಂದಿದ್ದೆ. ಅವತ್ತಿನಷ್ಟು ಸಡಗರದ ಮಳೆಗಾಲವನ್ನು ಗೂಡಲೂರಿನಲ್ಲಿ ಮತ್ತೆ ಕಂಡಿಲ್ಲ. ಅದನ್ನು ಕೆಡಿಸಿದವಳೂ ನಾನೇ.

ಆಗ ಎಲ್ಲರ ಕೈಗೂ ಫೋನು ಬಂದಿರಲಿಲ್ಲ. ಬಜಾರಿನ ಎಸ್.ಟಿ.ಡಿ. ಬೂತಿನ ಮುಂದೆ ಜನ ಕಾದು ನಿಲ್ಲುತ್ತಿದ್ದ ಕಾಲ. ನನ್ನ ತಮ್ಮ ಶಿವು ಕೊಯಮತ್ತೂರಿನಲ್ಲಿ ಡಿಪ್ಲೊಮಾ ಮುಗಿಸಿ ಬಂದು ಸಣ್ಣ ಟೀ ಬೆಳೆಗಾರರ ಸಂಘವೊಂದರಲ್ಲಿ ಕೆಲಸಕ್ಕೆ ಸೇರಿದ್ದ. ಸಂಘದ ದೊಡ್ಡ ಆಫೀಸು ಕೂನೂರಿನಲ್ಲಿ. ಊಟಿ, ಕೋಟಗಿರಿ, ಕುಂದಾ, ಗೂಡಲೂರಿನಲ್ಲಿ ಒಂದೊಂದು ಚಿಕ್ಕ ಆಫೀಸು. ನಾನು ಐದನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಗುಂಡ್ಲುಪೇಟೆ ಕಡೆಯಿಂದ ತರಕಾರಿ ವ್ಯಾಪಾರಕ್ಕೆ ಬಂದು ಇಲ್ಲೇ ನಿಂತಿದ್ದ ಅಪ್ಪ ತೀರಿಕೊಂಡ ಮೇಲೆ ಹೊಲಿಗೆ ಮಿಷನ್ನಿನ ಮುಂದೆ ಕೂತು ಅವನನ್ನು ಓದಿಸಿದೆ. ದೊಡ್ಡಸ್ತಿಕೆಗೆ ಹೇಳುತ್ತಿಲ್ಲ. ಅವನು ಮಾಡುವ ಕೆಲಸದಲ್ಲಿ ನನಗೂ ಪಾಲಿದೆ ಎಂಬ ಭಾವನೆ ನನ್ನೊಳಗೆ ಎಷ್ಟು ಬಲವಾಗಿತ್ತು ಎಂದು ತಿಳಿಯಬೇಕಲ್ಲ, ಅದಕ್ಕೆ.

ಸಂಘದ ತೀರ್ಮಾನಗಳೆಲ್ಲ ಕೂನೂರಿನ ಸಭೆಯಲ್ಲಿ ಆಗುತ್ತಿದ್ದವು. ಮಳೆಗಾಲದಲ್ಲಿ ನಡುವಟ್ಟದ ಘಾಟಿಯಲ್ಲಿ ಮಣ್ಣು ಕುಸಿದರೆ ಗೂಡಲೂರಿನವರು ಮೇಲೆ ಹೋಗುವುದೇ ಇಲ್ಲ. ನಮ್ಮ ಎಲೆ ಯಾವ ಫ್ಯಾಕ್ಟರಿಗೆ, ಲಾರಿ ಎಷ್ಟು ಹೊತ್ತಿಗೆ ಎಂದು ನಾವಿಲ್ಲದೆ ತೀರ್ಮಾನವಾಗಿ, ಅದು ಕೆಳಗೆ ಬರುವ ಹೊತ್ತಿಗೆ ಎಲೆ ಮೂಟೆಯಲ್ಲೇ ಬಿಸಿಯಾಗಿ ಕೆಂಪಗಾಗಿರುತ್ತಿತ್ತು. ಇದನ್ನು ಎಲ್ಲರಿಗಿಂತ ಗಟ್ಟಿಯಾಗಿ ಹೇಳುತ್ತಿದ್ದವರು ದೇವಾಲ ರಸ್ತೆಯ ದೊಡ್ಡತಾಯವ್ವ. ಗಂಡ ಹೋದ ಮೇಲೆ ಒಂದು ತುಂಡು ಟೀ ತೋಟವನ್ನು ಒಬ್ಬರೇ ನೋಡಿಕೊಂಡವರು. ಬಸ್ಸು ಹತ್ತಿದರೆ ವಾಂತಿ. ಆದರೂ ಹೋಗುತ್ತಿದ್ದರು.

“ಅಲ್ಲೋಗಿ ಸೇರೋದ್ರಲ್ಲಿ ಹೊಟ್ಟೇಲಿರದೆಲ್ಲ ಹೊರಕ್ ಬಂದಿರ್ತದೆ ಕಣವ್ವ, ಮಾತೂ ಸೇರಿ” ಎನ್ನುತ್ತಿದ್ದರು.

ಸಂಘದ ಅಧ್ಯಕ್ಷರು ಬೋಜ ಗೌಡರು, ನೀಲಗಿರಿಯ ಬಡಗ ಸಮುದಾಯದ ಹಿರಿಯರು. ಕೂತಲ್ಲೇ ಒಬ್ಬರ ಮುಖ ಒಬ್ಬರು ನೋಡಿಕೊಂಡು ಸಭೆ ಮಾಡುವ ವೀಡಿಯೋ ಕಾನ್ಫರೆನ್ಸ್ ಎಂಬುದು ಬಂದಿದೆಯಂತೆ, ನಮಗೂ ಬೇಕು ಎಂದು ಅವರಿಗೆ ಆಸೆ ಹುಟ್ಟಿತು. ಸುದ್ದಿ ಹಬ್ಬಿದ್ದೇ ಒಬ್ಬೊಬ್ಬ ಮಾರಾಟದವನೂ ಒಂದೊಂದು ಬಗೆಯ ಮಿಷನ್ನು ಹೊತ್ತುಕೊಂಡು ಕೂನೂರಿಗೆ ಬಂದ. ಯಾವ ಮಿಷನ್ನು, ಯಾವ ಲೈನು, ಎಂಥ ಕೋಣೆ, ಮಾತಾಡುವ ಕ್ರಮವೇನು, ಎಲ್ಲ ಊರಿಗೂ ಒಂದೇ ಕಟ್ಟಳೆ ಇರಬೇಕು, ಅದನ್ನು ನೀನೇ ಯೋಚಿಸಿ ಹೇಳು ಎಂದು ಗೌಡರು ಶಿವುಗೆ ವಹಿಸಿದರು.

ಆ ಕಟ್ಟಳೆ, ಶಿವು ಬಾಯಲ್ಲಿ ‘ಸ್ಟ್ಯಾಂಡರ್ಡು’, ಹುಟ್ಟಿದ್ದು ನನ್ನ ಅಂಗಡಿಯಲ್ಲಿ, ಬಟ್ಟೆ ಕತ್ತರಿಸುವ ಮೇಜಿನ ಮೇಲೆ. ಸಂಜೆ ಆಫೀಸು ಬಿಟ್ಟು ಬಂದವನೇ ಗುರುತು ಹಾಕುವ ನನ್ನ ಸೀಮೆಸುಣ್ಣ ಕಸಿದುಕೊಂಡು, ಹರಡಿದ ಬಟ್ಟೆಯ ಮೇಲೆ ಕೋಣೆ, ಕಿಟಕಿ, ಕುರ್ಚಿ ಎಲ್ಲ ಬರೆಯುತ್ತಿದ್ದ.

“ಯಾರ ರವಿಕೆ ಪೀಸಿನ ಮೇಲ್ಲಾ ಬರೀತಿದ್ದೀಯ? ಅಳಿಸು!”

“ತಾಳಕ್ಕ. ಕೂನೂರಲ್ಲಿ ಒಂದ್ ಕಂಪನಿ ಮಿಷನ್ನು, ಕುಂದಾದಲ್ಲಿ ಇನ್ನೊಂದ್ ಕಂಪನಿದು ಇಟ್ರೆ ಒಂದಕ್ಕೊಂದು ಮಾತಾಡಲ್ಲ. ಅದನ್ನ ಇವ್ರಿಗೆ ಹೆಂಗ್ ತಿಳಿಸದು?”

“ಮೈ ಒಬ್ಬ ದರ್ಜಿ, ತೋಳು ಇನ್ನೊಬ್ಬ ದರ್ಜಿ ಹೊಲ್ದಂಗೆ ಅನ್ನು. ಇಬ್ರೂ ಒಂದೇ ಅಳತೆ ಇಟ್ಕಳದಿದ್ರೆ ಕಂಕುಳತ್ರ ಕೂಡಲ್ಲ.”

ಶಿವು ಮೇಜು ಗುದ್ದಿದ. “ಅದೇ ಅಕ್ಕ! ಅದೇ ಸ್ಟ್ಯಾಂಡರ್ಡು!”

“ನಂಗೇನ್ ಗೊತ್ತು ಸ್ಟ್ಯಾಂಡರ್ಡು? ನಾನು ಫಿಫ್ತ್ ಸ್ಟ್ಯಾಂಡರ್ಡು ಕಣ್ಲಾ” ಎಂದೆ. ಇಬ್ಬರೂ ನಕ್ಕೆವು. ಮುಂದಿನ ಸಭೆಯಲ್ಲಿ ಅವನು ಆ ತೋಳಿನ ಮಾತನ್ನೇ ಹೇಳಿದನಂತೆ. ಕೇಳಿ ನನಗೆ ಊಟವೇ ಸೇರಲಿಲ್ಲ, ಅಷ್ಟು ಹಿಗ್ಗು.

ಕಟ್ಟಳೆಗಳು ಒಂದೊಂದಾಗಿ ಹುಟ್ಟಿದವು. ತಗಡಿನ ಮಾಡಿನ ಕೆಳಗೆ ಬೇಡ, ಮಳೆ ಸದ್ದಿಗೆ ಮಾತು ಕೇಳುವುದಿಲ್ಲ. ಕಿಟಕಿಗೆ ಬೆನ್ನು ಹಾಕಿ ಕೂರಬಾರದು, ಮುಖ ಕಪ್ಪಾಗುತ್ತದೆ. ಒಂದು ಸಲಕ್ಕೆ ಒಂದೇ ಬಾಯಿ. ಮಾತಾಡದ ಊರಿನವರು ಮೈಕಿನ ಗುಂಡಿ ಒತ್ತಿ ದನಿ ಮುಚ್ಚಿಕೊಳ್ಳಬೇಕು. ಕರೆಂಟು ಹೋದರೂ ಮಿಷನ್ನು ಓಡುವಂತೆ ಬ್ಯಾಟರಿ ಇರಬೇಕು. ನಾನು ಕಾಜಾ ಹಾಕುತ್ತಾ ಎಲ್ಲ ಕೇಳಿಸಿಕೊಳ್ಳುತ್ತಿದ್ದೆ. ರವಿಕೆ ಕೇಳಲು ಬಂದ ಹೆಂಗಸರೂ ನಿಂತು ಕೇಳುತ್ತಿದ್ದರು.

ಕೂನೂರು ಮತ್ತು ಊಟಿಯ ನಡುವೆ ಮೊದಲ ಪ್ರಯೋಗ ನಡೆಯಿತು. ಅವತ್ತು ಶಿವು ಮಳೆಯಲ್ಲಿ ತೊಪ್ಪೆಯಾಗಿ ಬಂದು, ತಲೆ ಒರೆಸಿಕೊಳ್ಳದೆ ನಗತೊಡಗಿದ. ಬಡಗರಲ್ಲಿ ಹಿರಿಯರು ಎದುರಾದರೆ ಚಿಕ್ಕವರು ತಲೆ ಬಾಗುತ್ತಾರೆ, ಹಿರಿಯರು ನೆತ್ತಿ ಮುಟ್ಟಿ ಹರಸುತ್ತಾರೆ. ಟಿ.ವಿ.ಯಲ್ಲಿ ಬೋಜ ಗೌಡರ ಮುಖ ಮೂಡಿದ್ದೇ ಊಟಿಯ ಕೋಣೆಯಲ್ಲಿದ್ದ ಹುಡುಗರೆಲ್ಲ ಒಟ್ಟಿಗೆ ಬಾಗಿದರಂತೆ. ಕೂನೂರಿನವರಿಗೆ ಕಂಡದ್ದು ಬರೀ ನೆತ್ತಿಗಳು. ಗೌಡರು ಎದ್ದು ಬಂದು ಟಿ.ವಿ. ಗಾಜಿನ ಮೇಲೆ, ಒಂದೊಂದು ನೆತ್ತಿಯ ಮೇಲೂ ಅಂಗೈ ಇಟ್ಟು, “ಒಂದು ಒಂಬತ್ತಾಗಲಿ” ಎಂದು ಹರಸಿದರಂತೆ. ಗಾಜು ಚಟಪಟ ಎಂದು ಕೈ ಮೇಲಿನ ರೋಮ ನೆಟ್ಟಗಾದಾಗ, “ನೋಡಿರೋ, ಹರಕೆ ತಾಗಿತು!” ಎಂದರಂತೆ.

“ಕಂಪನಿ ಇಂಜಿನಿಯರು ನಗ್ತಿದ್ದ ಅಕ್ಕ. ನಾನು ಬಿಡ್ಲಿಲ್ಲ. ಅದ್ನೂ ಕಟ್ಟಳೆಗೆ ಸೇರಿಸ್ಬುಟ್ಟೆ. ಮೊದ್ಲು ನಮಸ್ಕಾರ, ಆಗ ಕ್ಯಾಮೆರಾ ದೂರಕ್ಕಿರ್ಬೇಕು. ಆಮೇಲೆ ಹತ್ರಕ್ಕೆ.”

ಇಷ್ಟಾದ ಮೇಲೆ ದೊಡ್ಡ ಪ್ರಶ್ನೆ ಬಂತು. ಯಾವ ಊರಿಗೆ ಮೊದಲು? ಮೇಲಿನ ನಾಲ್ಕು ಊರು ಸಾಕು, ಗೂಡಲೂರು ದೂರ, ಅಲ್ಲಿಯ ಲೈನು ನಂಬುವಂತಿಲ್ಲ ಎಂದು ಸಮಿತಿಯ ಕೆಲವರು ಹಟ ಹಿಡಿದರು. ಗೌಡರು ಒಂದು ದಾರಿ ಹೇಳಿದರು. ಶಿವು ಹೇಳಿದ ಕಟ್ಟಳೆಯಂತೆಯೇ ಗೂಡಲೂರಿನಲ್ಲಿ ಒಂದು ಕೋಣೆ ಸಿದ್ಧವಾಗಲಿ, ಪರೀಕ್ಷೆ ಅಲ್ಲೇ ಆಗಲಿ. ಅಲ್ಲಿ ಚಿತ್ರ ಸರಿಯಾಗಿ ಬಂದರೆ ಗೂಡಲೂರೂ ಉಂಟು. ಬರದಿದ್ದರೆ ಇಲ್ಲ.

ಊರಿಗೆ ಊರೇ ಎದ್ದು ಕೂತಿತು. ಬಡಗಿ ಬಂದ, ಬಣ್ಣದವನು ಬಂದ, ಟೆಲಿಫೋನಿನವರು ಕಂಬ ಹತ್ತಿದರು. ಮೂರು ಟೆಲಿಫೋನ್ ಲೈನು ಕೂಡಿಸಿ ಒಂದು ಚಿತ್ರ. ದೊಡ್ಡತಾಯವ್ವ ಎಲೆ ಮೂಟೆಯ ವಿಚಾರವನ್ನು ಬಾಯಿಪಾಠ ಮಾಡಿಕೊಂಡು ನನ್ನ ಮಿಷನ್ನಿನ ಮುಂದೆ ಬಂದು ಒಪ್ಪಿಸುತ್ತಿದ್ದರು. ಕೋಣೆಯ ಸಿಮೆಂಟು ಗೋಡೆಯಲ್ಲಿ ದನಿ ಮೊಳಗದಂತೆ ಸುತ್ತ ದಪ್ಪ ಪರದೆ ಬೇಕಿತ್ತು. ಅದನ್ನು ಹೊಲಿಯುವ ಕೆಲಸ ನನ್ನದು.

ಶಿವು ಬೂದಿ ನೀಲಿ ಬಣ್ಣದ ಚೂರು ತಂದು ತೋರಿಸಿದ. “ಇದೇ ಬಣ್ಣ. ಹೂವು, ಗೆರೆ, ಜರಿ ಏನೂ ಬ್ಯಾಡ.”

“ಥೂ, ಇದೆಂಥದ್ಲಾ, ಸಾವಿನ ಮನೆ ಇದ್ದಂಗೆ. ಮೊದಲ ದಿವ್ಸ ಬೂದಿ ಬಣ್ಣ ಕಟ್ತಾರಾ?”

“ಅಕ್ಕ, ಲೈನು ಸಣ್ಣ ಕೊಳಾಯಿ ಇದ್ದಂಗೆ. ಅಲ್ಲಾಡದೇ ಇರದನ್ನ ಅದು ಮತ್ತೆ ಮತ್ತೆ ಕಳ್ಸಲ್ಲ, ಅಲ್ಲಾಡಿದ್ದನ್ನ ಮಾತ್ರ ಕಳಸ್ತದೆ. ಹೂವಿನ ಪರದೆ ಗಾಳಿಗೆ ಅಲ್ಲಾಡಿದ್ರೆ ಒಂದೊಂದ್ ಹೂವನ್ನೂ ಹೊರ್ಬೇಕು. ಆಗ ಮುಖಕ್ಕೆ ಜಾಗ ಇರಲ್ಲ.”

ಚೆನ್ನಾಗಿಯೇ ಹೇಳಿದ್ದ. ನನಗೆ ಅರ್ಥವೂ ಆಗಿತ್ತು. ಗೊತ್ತಿರಲಿಲ್ಲ ಎಂದು ಹೇಳುವ ಹಾಗಿಲ್ಲ.

ಬಜಾರಿನ ಅಂಗಡಿಯಲ್ಲಿ ಬೂದಿ ನೀಲಿ ಥಾನು ಸಿಕ್ಕಿತು, ತಂದೆ. ಅದರ ಪಕ್ಕದಲ್ಲೇ ಇತ್ತು ಇನ್ನೊಂದು. ಮಾವಿನೆಲೆ ಹಸಿರು, ಮೈತುಂಬ ಸಾಸಿವೆಯಷ್ಟು ಚಿಕ್ಕ ಹಳದಿ ಹೂವು. ಕೂನೂರಿನಲ್ಲಿ ಕೂತ ದೊಡ್ಡ ಮನುಷ್ಯರೆಲ್ಲ ನೋಡುವುದು ಇದನ್ನೇ, ನಾನು ಹಿಡಿದ ನೆರಿಗೆಯನ್ನೇ. ಶುಭದ ದಿನ ಅಂಚಿಲ್ಲದ ಬೂದಿ ಬಟ್ಟೆ ಕಟ್ಟಬಾರದು ಎಂದು ಮನಸ್ಸಿಗೆ ಒಂದು ನೆಪವೂ ಸಿಕ್ಕಿತು. ಹಸಿರನ್ನೂ ಕೊಂಡೆ. ಹಸಿರನ್ನೇ ಹೊಲಿದೆ. ಬೂದಿ ನೀಲಿ ಥಾನು ಬಿಚ್ಚದೆ ಮಿಷನ್ನಿನ ಹಿಂದೆ ನಿಂತಿತು.

ಪರೀಕ್ಷೆಯ ದಿನ ಬೆಳಿಗ್ಗೆ ಸ್ಟೂಲು ಹತ್ತಿ ಪರದೆ ತೂಗುಹಾಕುತ್ತಿದ್ದೆ. ಒದ್ದೆ ಗಾಳಿ ಮೇಲಿನ ಕಿಂಡಿಯಿಂದ ಬಂದು ನೆರಿಗೆಗಳನ್ನು ಅಲೆಯಾಡಿಸುತ್ತಿತ್ತು. ನೋಡಲು ಕಣ್ಣು ಸಾಲದು. ಶಿವು ಬಾಗಿಲಲ್ಲಿ ನಿಂತ. ಮುಖ ಸಣ್ಣದಾಯಿತು.

“ಅಕ್ಕ, ನಾನು ಹೇಳಿದ್ ಬಟ್ಟೆ?”

“ಸಿಗ್ಲಿಲ್ಲ ಕಣೋ. ಗೂಡಲೂರೆಲ್ಲ ಹುಡುಕ್ದೆ, ಎಲ್ಲೂ ಇಲ್ಲ.”

ಹೀಗೆ ಹೇಳುತ್ತೇನೆಂದು ನಾನೇ ಎಣಿಸಿರಲಿಲ್ಲ. ಅವನು ಬೈದಾನು ಎಂಬ ಭಯಕ್ಕೆ ಬಾಯಿಂದ ಬಂದುಬಿಟ್ಟಿತು. ಆಗಲೂ ಹೊತ್ತಿತ್ತು. ಅಂಗಡಿ ಕೂಗಳತೆಯಲ್ಲಿತ್ತು. ಹೊಲಿಗೆ ಇಲ್ಲದಿದ್ದರೂ ಥಾನನ್ನು ಹಾಗೇ ಪಿನ್ನು ಚುಚ್ಚಿ ಕಟ್ಟಬಹುದಿತ್ತು. ಅವನು ಕಿಂಡಿಗೆ ರಟ್ಟು ತುರುಕಿ, “ಆಗ್ಲಿ, ನೋಡನ” ಎಂದ.

ಕೋಣೆ ಕಿಕ್ಕಿರಿಯಿತು. ಟಿ.ವಿ.ಯಲ್ಲಿ ಕೂನೂರಿನ ಸಭೆ ಕಾಣಿಸಿದ್ದೇ ಎಲ್ಲರೂ ಚಪ್ಪಾಳೆ ತಟ್ಟಿದೆವು. ಬೋಜ ಗೌಡರ ಮೀಸೆಯ ಕೂದಲು ಕೂಡ ಎಣಿಸಬಹುದಾಗಿತ್ತು! ಅವರ ಪಕ್ಕದಲ್ಲಿ ಸಮಿತಿಯವರು, ಕಂಪನಿಯ ಇಂಜಿನಿಯರು. ನಾವು ಕೈ ಮುಗಿದೆವು. ದೊಡ್ಡತಾಯವ್ವ ಸೆರಗು ಸರಿಮಾಡಿಕೊಂಡು ಎದ್ದರು.

“ಗೌಡ್ರೆ, ನಮ್ ಎಲೆ ಮೂಟೆ...”

ಅಷ್ಟರಲ್ಲಿ ಗಾಳಿ ರಟ್ಟನ್ನು ಕೆಡವಿತು. ಪರದೆ ಬುಸ್ಸೆಂದು ಉಬ್ಬಿತು. ಕೂನೂರಿನವರು ಒಬ್ಬರ ಮುಖ ಒಬ್ಬರು ನೋಡಿದರು. ನಮಗೆ ಅವರು ಕನ್ನಡಿಯಲ್ಲಿ ಕಂಡಷ್ಟು ಸ್ಪಷ್ಟವಾಗಿ ಕಾಣುತ್ತಿದ್ದರು. ಅವರಿಗೆ ಮಾತ್ರ ನಾವು ಕಾಣುತ್ತಿರಲಿಲ್ಲ.

ಗೌಡರು ಬಡಗ ಬೆರೆತ ಕನ್ನಡದಲ್ಲಿ ಕೇಳಿದರು. “ಶಿವೂ, ನಿಮ್ಮ ಮೊಗ ಕಾಣದು. ಹಸಿರು ಹಸಿರು, ಚೌಕ ಚೌಕ. ಆ ಅಮ್ಮನ ಬಾಯಿ ಒಂದು ಕಡೆ, ಕಣ್ಣು ಒಂದು ಕಡೆ. ಏನಪ್ಪಾ ಇದು?”

“ಹಿಂದಿನ ಪರದೆ ಸಾರ್. ಕಟ್ಟಳೆಯಲ್ಲಿರೋ ಬಟ್ಟೆ ಗೂಡಲೂರಲ್ಲಿ ಸಿಗ್ಲಿಲ್ಲ” ಎಂದ ಶಿವು.

ಸಮಿತಿಯವರೊಬ್ಬರು ತಕ್ಷಣ ಆ ಮಾತನ್ನು ಹಿಡಿದರು. “ಅಯ್ಯಾ, ಒಂದು ಬಣ್ಣದ ಬಟ್ಟೆ ಸಿಕ್ಕದ ಊರಲ್ಲಿ ನಾಳೆ ಮಿಷನ್ನು ಕೆಟ್ಟರೆ ಸ್ಪೇರು ಸಿಕ್ಕುತ್ತದಾ? ಇನ್ನೂ ಏನು ಪರೀಕ್ಷೆ ಬೇಕು?”

ಉತ್ತರ ಇದ್ದದ್ದು ನನ್ನ ಹತ್ತಿರ. ಬಾಗಿಲ ಪಕ್ಕ ಟೀ ಲೋಟದ ತಟ್ಟೆ ಹಿಡಿದು ನಿಂತಿದ್ದೆ. ತಲೆ ತಗ್ಗಿಸಿ ಲೋಟ ಹಂಚತೊಡಗಿದೆ. ಮೇಲಿನ ನಾಲ್ಕು ಊರಿಗೆ ಶಿವು ಮಾಡಿದ ಸ್ಟ್ಯಾಂಡರ್ಡು ಒಪ್ಪಿಗೆ, ಗೂಡಲೂರು ಸದ್ಯಕ್ಕೆ ಬೇಡ ಎಂದು ತೀರ್ಮಾನಿಸಿ ಸಮಿತಿ ಎದ್ದಿತು.

ಜನ ಚದುರಿದರು. ಶಿವು ವೈರು ಸುತ್ತಲು ಬಗ್ಗಿದ. ಅವನ ಬೆನ್ನು ನೋಡಿ ನನಗೆ ಏನಾಯಿತೋ, ಮಳೆಯಲ್ಲೇ ಓಡಿದೆ. ಥಾನನ್ನು ಎದೆಗವುಚಿಕೊಂಡು, ಸೆರಗು ಹೊದಿಸಿ, ಜಾರುತ್ತಾ ಎಡವುತ್ತಾ ಬಂದು ಮೇಜಿನ ಮೇಲೆ ಹಾಕಿದೆ. ಬಜಾರಿನ ಅಂಗಡಿಯ ಚೀಟಿ ಅದರ ಮೇಲೆ ಅಂಟಿಕೊಂಡೇ ಇತ್ತು.

“ಇದ್ಯಾವಾಗ ಬಂತಕ್ಕ?”

“ಬಂದೇ ಇತ್ತು.”

ಅವನು ಚೀಟಿ ನೋಡಿದ, ನನ್ನ ನೋಡಿದ. ಬೈಯಲಿಲ್ಲ. ಸ್ಟೂಲು ಎಳೆದು ಹತ್ತಿ, “ಪಿನ್ನು ಕೊಡು” ಎಂದ.

ಹಸಿರು ಇಳಿಯಿತು, ಬೂದಿ ನೀಲಿ ಏರಿತು. ಮಳೆ ನಿಲ್ಲಲೆಂದು ಹೊರಜಗಲಿಯಲ್ಲಿ ಕೂತಿದ್ದ ದೊಡ್ಡತಾಯವ್ವನೂ ಬಂದು ಬಟ್ಟೆಯ ಒಂದು ತುದಿ ಹಿಡಿದರು. ಯಾವಾಗ ಸಿಕ್ಕಿತು ಎಂದು ಕೇಳಲಿಲ್ಲ. ಕೇಳಬಾರದೆ ಎಂದು ನಾನು ಅವರ ಮುಖವನ್ನೇ ನೋಡುತ್ತಿದ್ದೆ. ಶಿವು ಮತ್ತೆ ಕೂನೂರಿಗೆ ಲೈನು ಹಾಕಿದ. ಆ ಕಡೆ ಲೋಟ ಎತ್ತುತ್ತಿದ್ದ ಪ್ಯೂನ್ ಮುರುಗನ್ ಒಬ್ಬನೇ ಇದ್ದ. ಗಂಟೆ ಬಡಿದದ್ದಕ್ಕೆ ಬೆಚ್ಚಿ ಗುಂಡಿ ಒತ್ತಿ, ಟಿ.ವಿ. ಕಡೆ ತಿರುಗಿ ತಮಿಳು ಬೆರೆತ ಕನ್ನಡದಲ್ಲಿ ಕೂಗಿದ.

“ಅಯ್ಯೋ ಸಾರ್! ಸೂಪರಾ ಇದೆ! ಅಮ್ಮನ ಮೂಗುತಿ ಕೂಡ ತೆರಿಯುತ್ತೆ ಸಾರ್!”

ನಾವು ಮೂವರೂ ಕುಣಿದೆವು. ಸುಳ್ಳಲ್ಲ, ಕುಣಿದೆವು. ದೊಡ್ಡತಾಯವ್ವ ಮುರುಗನ್ನನ್ನೇ ಸಮಿತಿ ಎಂದುಕೊಂಡು ಎಲೆ ಮೂಟೆಯ ವಿಚಾರವನ್ನು ಮೊದಲಿಂದ ಕೊನೆಯವರೆಗೆ ಒಪ್ಪಿಸಿದರು. ಅವನು ತಟ್ಟೆ ಕೆಳಗಿಟ್ಟು, ಕೈಕಟ್ಟಿ ನಿಂತು ಕೇಳಿ, “ನೀವು ಸೊಲ್ಲಿದ್ದು ನ್ಯಾಯ ಅಮ್ಮ. ನಾಳೆ ಅಯ್ಯಾ ಹತ್ರ ಹೇಳ್ತೀನಿ” ಎಂದ.

ಹೇಳಿಯೂ ಹೇಳಿದ. ಮಾರನೆಯ ಬೆಳಿಗ್ಗೆ ಗೌಡರು ಗೂಡಲೂರಿನ ಆಫೀಸಿಗೆ ಫೋನು ಮಾಡಿದರು. ಪಿನ್ನು ತೆಗೆದುಕೊಳ್ಳಲು ಹೋದ ನಾನೂ ಅಲ್ಲಿದ್ದೆ. ಚಿತ್ರ ಚೆನ್ನಾಗಿ ಬಂತಂತೆ, ಇಲ್ಲದ ಬಟ್ಟೆ ಸಂಜೆಗೆ ಎಲ್ಲಿಂದ ಬಂತು ಎಂದು ಕೇಳುತ್ತಿದ್ದರು. ಶಿವು ರಿಸೀವರಿನ ಬಾಯಿಗೆ ಅಂಗೈ ಮುಚ್ಚಿ ನನ್ನ ಕಡೆ ಚಾಚಿದ.

“ನೀನೇ ಮಾತಾಡ್ತೀಯಾ ಅಕ್ಕ?”

ನಾನು ಬೇಡವೆಂದು ತಲೆ ಅಲ್ಲಾಡಿಸಿದೆ. ಅವನು ಒಂದು ಗಳಿಗೆ ಹಾಗೇ ಹಿಡಿದುಕೊಂಡಿದ್ದ. ಆಮೇಲೆ ಕಿವಿಗಿಟ್ಟುಕೊಂಡು, “ಮೈಸೂರಿಂದ ಬಸ್ಸಲ್ಲಿ ಬಂತು ಸಾರ್” ಎಂದ. ಅಕ್ಕ ಸುಳ್ಳು ಹೇಳಿದಳು ಎನ್ನಲು ಅವನಿಗೆ ಮನಸ್ಸಾಗಲಿಲ್ಲ. ಎಲ್ಲಕ್ಕೂ ಮೈಸೂರಿಗೆ ಓಡುವುದಾದರೆ ಇನ್ನೂ ಕಾಯೋಣ ಎಂದು ಗೌಡರು ಫೋನು ಇಟ್ಟರು. ನನ್ನ ಸುಳ್ಳು ಅವನ ಸುಳ್ಳೂ ಆಯಿತು.

ಗೂಡಲೂರಿಗೆ ಆ ಕೋಣೆ ಸಿಕ್ಕಿದ್ದು ಇನ್ನೂ ಎರಡು ಮಳೆಗಾಲ ಕಳೆದ ಮೇಲೆ. ಅಷ್ಟು ಕಾಲವೂ ದೊಡ್ಡತಾಯವ್ವ ನಿಂಬೆಹಣ್ಣು ಮೂಸಿಕೊಂಡು ಬಸ್ಸು ಹತ್ತಿದರು. “ಮೇಲಿನೋರಿಗೆ ನಾವಂದ್ರೆ ಅಸಡ್ಡೆ ಕಣವ್ವ. ಬಟ್ಟೆ ಸಿಗಲ್ಲ ಅಂತ ಒಂದ್ ನೆವ ತಗ್ದ್ರು” ಎಂದು ನನ್ನ ಅಂಗಡಿಯಲ್ಲೇ ಕೂತು ಹೇಳುತ್ತಿದ್ದರು. ನಾನು ಹೂಂಗುಟ್ಟುತ್ತಿದ್ದೆ.

ಕೊನೆಗೆ ನಮ್ಮ ಕೋಣೆ ತೆರೆದ ದಿನ ಐದೂ ಊರಿನವರು ಟಿ.ವಿ.ಯಲ್ಲಿ ಕೂಡಿದರು. ನಮಸ್ಕಾರ ಮುಗಿಯಿತು. ಗೌಡರು ಚೇಷ್ಟೆಗೆ ಕೇಳಿದರು. “ಏನಪ್ಪಾ, ಈಗಲಾದರೂ ಗೂಡಲೂರಲ್ಲಿ ಬಟ್ಟೆ ಸಿಕ್ಕುತ್ತದಾ?”

ಎಲ್ಲ ಊರುಗಳೂ ನಕ್ಕವು. ಶಿವುವೂ ನಕ್ಕ. ಆ ನಗು ನೋಡಲಾಗಲಿಲ್ಲ. ಎದ್ದು ನಿಂತೆ.

“ಅವತ್ತೂ ಸಿಕ್ತಿತ್ತು ಗೌಡ್ರೆ. ನನ್ ಅಂಗ್ಡೀಲೇ ಇತ್ತು. ನನ್ ಹೊಲಿಗೆ ಎಲ್ರೂ ನೋಡ್ಲಿ ಅಂತ ಹೂವಿಂದು ಕಟ್ದೆ, ಶಿವೂಗೆ ಸಿಗ್ಲಿಲ್ಲ ಅಂತ ಸುಳ್ಳು ಹೇಳ್ದೆ.”

ನಮ್ಮ ಊರಿನ ಮೈಕು ಮುಚ್ಚಿತ್ತು. ಮೇಲಿನ ನಾಲ್ಕು ಊರಿಗೆ ನನ್ನ ತುಟಿ ಆಡಿದ್ದು ಮಾತ್ರ ಕಂಡಿತು. ಕೇಳಿದ್ದು ಕೋಣೆಯೊಳಗೆ ಕೂತ ಗೂಡಲೂರಿನವರಿಗೆ. ಇಡೀ ಕೋಣೆ ನನ್ನ ಕಡೆ ತಿರುಗಿತು.

“ಏನೆಂದೆ ಅವ್ವಾ? ಕೇಳಲಿಲ್ಲ” ಎಂದರು ಗೌಡರು.

ಅಲ್ಲಿಗೇ ನಿಲ್ಲಿಸಬಹುದಿತ್ತು. ಶಿವು ನನ್ನ ಮುಖ ನೋಡಿದ. ಗುಂಡಿ ಒತ್ತಿ ಮೈಕು ತೆರೆದು, ಅದನ್ನು ನನ್ನ ಕಡೆಗೆ ಸರಿಸಿದ. ನಾನು ಎಲ್ಲವನ್ನೂ ಇನ್ನೊಂದು ಸಲ ಹೇಳಿದೆ.

ಮೊದಲು ಮಾತಾಡಿದವರು ದೊಡ್ಡತಾಯವ್ವ. “ಎರಡು ಮಳೆಗಾಲ ಕಣೇ” ಎಂದರು, ನನಗೆ ಮಾತ್ರ ಕೇಳುವ ಹಾಗೆ. ಆಮೇಲೆ ಗಟ್ಟಿಯಾಗಿ, “ಸರಿ, ಕೂತ್ಕೋ. ಆ ಮೈಕು ಇತ್ತಾಗ್ ತತ್ತಾ. ಗೌಡ್ರೆ, ಎಲೆ ಮೂಟೆ ವಿಚಾರ” ಎಂದು ಶುರು ಮಾಡಿದರು. ಮಧ್ಯೆ ಒಂದು ಸಲವೂ ಚಿತ್ರ ನಿಲ್ಲಲಿಲ್ಲ. ಲಾರಿಯ ಹೊತ್ತು ಬದಲಾದದ್ದು ಅವತ್ತೇ.

ಆದರೆ ಅಂದಿನಿಂದ ಅವರು ನನ್ನ ಹತ್ತಿರ ರವಿಕೆ ಹೊಲಿಸಿಲ್ಲ. ಇಂದಿಗೂ ಎದುರಿನ ದರ್ಜಿಯ ಬಳಿ ಹೋಗುತ್ತಾರೆ. ಹೋಗುವಾಗ ನನ್ನ ಬಾಗಿಲ ಮುಂದೆ ನಿಂತು, “ಏನವ್ವ, ಚೆನ್ನಾಗಿದೀಯಾ?” ಎಂದು ಕೇಳಿಯೇ ರಸ್ತೆ ದಾಟುತ್ತಾರೆ.